ಇನ್ನೂರ ಹತ್ತು ಕುರ್ಚಿಗಳ ಅಕ್ಕ

ಬೆಳಗಿನ ಐದೂವರೆ. ನಗರದ ನಡುವಿನ ಹಳೆಯ ಚರ್ಚಿನೊಳಗೆ ಒಂದೇ ದೀಪ ಉರಿಯುತ್ತಿದೆ. ಮೊದಲ ಸಾಲಿನ ಮರದ ಕುರ್ಚಿಯಲ್ಲಿ ಸಣಕಲು ಮೈಯ ಹೆಂಗಸೊಬ್ಬರು ಕೂತಿದ್ದಾರೆ. ತೊಡೆಯ ಮೇಲೆ ಪ್ರಾರ್ಥನಾ ಪುಸ್ತಕಗಳನ್ನು ತುಂಬಿದ ದೊಡ್ಡ ಚೀಲ. ಎಡಕ್ಕೆ ವಾಲುತ್ತಾರೆ, ಬಲಕ್ಕೆ ವಾಲುತ್ತಾರೆ, ಕಣ್ಣು ಮುಚ್ಚಿ ಕೇಳುತ್ತಾರೆ. ಸದ್ದಿಲ್ಲ. ಚೀಲ ಹೊತ್ತು ಪಕ್ಕದ ಕುರ್ಚಿಗೆ ಹೋಗುತ್ತಾರೆ. ಸಂಜೆ ಆರಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಚೇರಿ. ಅಷ್ಟರಲ್ಲಿ ಇನ್ನೂರ ಹತ್ತು ಕುರ್ಚಿಗಳೂ ಮುಗಿಯಬೇಕು.

ಎಲ್ಲರೂ ಅವರನ್ನು ಕರೆಯುವುದು ಕುರ್ಚಿಯಕ್ಕ ಎಂದು. ಗುಡಿಸುವುದು, ಬಾಗಿಲು ತೆಗೆಯುವುದು, ಕುರ್ಚಿ ಹಾಕುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ಗಂಡ ತೀರಿಕೊಂಡ ಮೇಲೆ ಚರ್ಚಿನ ಹಿಂದಿನ ಎರಡು ಕೋಣೆಗಳಲ್ಲಿ ಅತ್ತೆಯ ಜೊತೆ ವಾಸ. "ಕೂತ್ಕೊಂಡೇ ಸಂಬಳ ತಗೊಳ್ಳೋ ಸೊಸೆ ಸಿಕ್ಕಿದ್ದಾಳೆ ಅಂತ ನಮ್ಮತ್ತೆ ಊರಿಗೆಲ್ಲ ಹೇಳ್ಕೊಂಡು ಬರ್ತಾರೆ," ಎಂದು ನಗುತ್ತಾರೆ. ಕೂರುವುದೇನು ಮಹಾ ಕಷ್ಟ ಎಂದು, ಅವರ ಬಗ್ಗೆ ಬರೆಯಲು ಬಂದ ನಾನೂ ಚೀಲ ಹೊತ್ತು ನೋಡಿದೆ. ಹನ್ನೆರಡನೇ ಕುರ್ಚಿಗೆ ಸೊಂಟ ಹಿಡಿಯಿತು.

ಹೋದ ವರ್ಷ ಈ ಚೀಲವಿರಲಿಲ್ಲ. ಕಚೇರಿಯ ಧ್ವನಿಮುದ್ರಣವಿದ್ದ ಆ ದಿನವೂ ಅಕ್ಕ ಪ್ರತಿ ಕುರ್ಚಿಯಲ್ಲಿ ಕೂತು ನೋಡಿದ್ದರು. ಆದರೆ ಅವರ ತೂಕ ನಲವತ್ತೆರಡು ಕಿಲೋ. ಮೂರನೇ ಸಾಲಿನಲ್ಲಿ ಕೂತ ಬೇಕರಿಯ ಯಜಮಾನರದು ಅದರ ಎರಡೂವರೆ ಪಟ್ಟು. ಚೆಲ್ಲೊ ವಾದ್ಯ ಪಿಸುಮಾತಿನಷ್ಟು ಮೆತ್ತಗಾದ ಹೊತ್ತಿನಲ್ಲೇ ಅವರು ಮಿಸುಕಾಡಿದರು, ಕುರ್ಚಿ ಕಿರ್ರೆಂದಿತು. ಧ್ವನಿಮುದ್ರಣ ಕೆಟ್ಟಿತು. ಇನ್ನೊಂದು ಸಲ ನೋಡುತ್ತೇವೆ, ಆಗಲೂ ಹೀಗಾದರೆ ಬೇರೆ ಸಭಾಂಗಣ ಹುಡುಕುತ್ತೇವೆ ಎಂದು ವಾದಕರು ಹೊರಟರು. ತಲೆ ತಗ್ಗಿಸಿ ಹೋದ ಯಜಮಾನರು ಮತ್ತೆ ಇತ್ತ ಮುಖ ಮಾಡಲಿಲ್ಲ.

"ಅವರದ್ದೇನು ತಪ್ಪು? ನಾನು ನನ್ನ ತೂಕಕ್ಕೆ ನೋಡಿದ್ದೆ," ಎನ್ನುತ್ತಾರೆ ಅಕ್ಕ. ಆ ಇನ್ನೊಂದು ಸಲ ಇವತ್ತೇ.

ಕುರ್ಚಿಗಳು ಸಡಿಲವಾಗುವುದಕ್ಕೆ ಕಾರಣವಿದೆ. ಮಂಗಳವಾರ ಇವುಗಳ ಮೇಲೆ ಹಿರಿಯರು ಚಹಾ ಕುಡಿಯುತ್ತಾರೆ, ಗುರುವಾರ ಡಾಕ್ಟರು ರೋಗಿಗಳನ್ನು ನೋಡುತ್ತಾರೆ, ಶನಿವಾರ ಮಕ್ಕಳು ದರದರ ಎಳೆದಾಡುತ್ತಾರೆ. ಕಚೇರಿಗೆಂದು ಕುರ್ಚಿಗಳನ್ನು ಬೀಗ ಹಾಕಿಡೋಣ ಎಂದು ಚರ್ಚಿನ ಸಮಿತಿಯವರು ಹೇಳಿದ್ದರು. ಅಕ್ಕ ಒಪ್ಪಲಿಲ್ಲ. "ಜನ ಕೂರದ ಕುರ್ಚಿ ಇದ್ದೇನು ಪ್ರಯೋಜನ? ಹಾಳಾಗ್ಲಿ, ನಾನು ಸರಿ ಮಾಡ್ತೀನಿ." ಉರಿದು ಉಳಿದ ಮೇಣದಬತ್ತಿಯ ತುಂಡನ್ನು ಕೀಲುಗಳಿಗೆ ಉಜ್ಜುತ್ತಾರೆ, ಕಾಲಿನಡಿಗೆ ಹಳೆಯ ಕಂಬಳಿಯ ಚೂರು ಅಂಟಿಸುತ್ತಾರೆ. ಇವತ್ತು ಹದಿನೇಳು ಕುರ್ಚಿಗಳಿಗೆ ಆ ಉಪಚಾರವಾಗುತ್ತದೆ.

ಮಧ್ಯಾಹ್ನ ಅವರು ನೇರ ಬೇಕರಿಗೆ ಹೋಗುತ್ತಾರೆ. ಯಜಮಾನರು ಏನೇನೋ ನೆಪ ಹೇಳುತ್ತಾರೆ. "ನೀವು ಬರದಿದ್ರೆ ನನ್ನ ಕೆಲಸ ಸರಿಯಾಗಿದೆಯೋ ಇಲ್ವೋ ನನಗೆ ಗೊತ್ತಾಗೋದು ಹೇಗಣ್ಣ?" ಎಂದು ಕೇಳಿ ಅಕ್ಕ ವಾಪಸಾಗುತ್ತಾರೆ.

ಸಂಜೆ ಅದೇ ಮೂರನೇ ಸಾಲು, ಅದೇ ಕುರ್ಚಿ, ಅದೇ ಯಜಮಾನರು. ಚೆಲ್ಲೊ ಮೆತ್ತಗಾಗುತ್ತದೆ. ಅವರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಕೊನೆಗೆ ತಡೆಯಲಾರದೆ ಹಿಂದಕ್ಕೆ ಒರಗುತ್ತಾರೆ. ಏನೂ ಕೇಳಿಸುವುದಿಲ್ಲ, ಸಂಗೀತ ಬಿಟ್ಟು.

ಚಪ್ಪಾಳೆ ಮುಗಿದ ಮೇಲೆ, ಬಾಗಿಲ ಬಳಿ ನಿಂತಿದ್ದ ಅಕ್ಕನನ್ನು ಸಂಗೀತ ಹೇಗಿತ್ತು ಎಂದು ಕೇಳಿದೆ.

"ಸಂಗೀತ ಗೊತ್ತಿಲ್ಲ ಸಾರ್, ಒಂದು ದಿನ ಅದನ್ನೂ ಕೇಳ್ಬೇಕು. ನಾನು ಕುರ್ಚಿ ಕೇಳ್ತಾ ಇದ್ದೆ. ಇನ್ನೂರ ಹತ್ತರಲ್ಲಿ ಒಂದೂ ತುಟಿ ಪಿಟಕ್ ಅನ್ಲಿಲ್ಲ."