ಬೈಗುಳದ ಅಂದಾಜು

ವಿದ್ಯುತ್ ಕಚೇರಿಯ ಗ್ರಾಹಕರ ವಿಭಾಗದಲ್ಲಿ ನನ್ನ ಪಕ್ಕದ ಮೇಜು ಅಂದಾಜಕ್ಕನದು. ಬಿಲ್ಲು ಜಾಸ್ತಿ ಬಂತೆಂದು ಜಗಳಕ್ಕೆ ಬಂದವರನ್ನೆಲ್ಲ ನಾವು ಅವರ ಕಡೆ ಕೈ ತೋರಿಸಿ ಸಾಗಹಾಕುತ್ತೇವೆ. ಮೀಟರು ಒಟ್ಟು ಇಷ್ಟು ಯೂನಿಟ್ಟು ಎಂದು ಹೇಳುತ್ತದೆಯೇ ಹೊರತು ಯಾರು ಎಷ್ಟು ತಿಂದರು ಎಂದು ಹೇಳುವುದಿಲ್ಲ. ಫ್ರಿಜ್ಜು ಇಷ್ಟು, ಗೀಸರು ಇಷ್ಟು, ಫ್ಯಾನುಗಳು ಇಷ್ಟು ಎಂದು ಬಿಡಿಸಿ, ಕೂಡಿಸಿ, ಮೀಟರಿನ ಲೆಕ್ಕಕ್ಕೆ ಹತ್ತಿರ ತಂದು ಹಾಳೆಯಲ್ಲಿ ಬರೆದುಕೊಡುವುದು ಅವರ ಕೆಲಸ. ಹಾಳೆಯ ತಲೆಯ ಮೇಲೆ ‘ಇದು ಅಂದಾಜು ಮಾತ್ರ’ ಎಂದು ಅಚ್ಚಾಗಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಅವರಿಗೆ ಮಾತ್ರ ಅಂದಾಜಕ್ಕ ಎಂಬ ಹೆಸರು ಉಳಿದುಬಿಟ್ಟಿತು. ಸಾಹೇಬರೂ ಹಾಗೇ ಕರೆಯುತ್ತಾರೆ.

ಅಂದಾಜಕ್ಕ ಟೈಪಿಸ್ಟಾಗಿ ಸೇರಿದವರು. ಟೈಪ್ ಯಂತ್ರಗಳು ಗುಜರಿಗೆ ಹೋದ ಮೇಲೆ ಇವರನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಈ ಮೂಲೆಯಲ್ಲಿ ಕೂರಿಸಿದರು. ಶೌಚಾಲಯದ ಬಾಗಿಲು ತೆರೆದಾಗಲೆಲ್ಲ ಅವರ ಕುರ್ಚಿಗೆ ಬಡಿಯುತ್ತದೆ. ಬೆಳಿಗ್ಗೆ ಮನೆಮಂದಿಗೆಲ್ಲ ಬೇಯಿಸಿಟ್ಟು, ಬೆನ್ನು ಹಿಡಿದುಕೊಂಡ ಗಂಡನಿಗೆ ಮುಲಾಮು ತಿಕ್ಕಿ, ಎರಡು ಬಸ್ಸು ಬದಲಾಯಿಸಿ ಬರುವ ಹೊತ್ತಿಗೆ ಅವರ ಪಾದಗಳು ಊದಿ ಚಪ್ಪಲಿಯಲ್ಲಿ ಹಿಡಿಸುವುದಿಲ್ಲ. ಚಪ್ಪಲಿ ಕಳಚಿ, ಬರಿಗಾಲನ್ನು ತಣ್ಣನೆಯ ನೆಲಕ್ಕಿಟ್ಟು, ‘ಉಸ್ಸಪ್ಪಾ’ ಎನ್ನುತ್ತಾರೆ. ಆಮೇಲೆ ಸಂಜೆಯವರೆಗೆ ಬೇರೆಯವರ ಮನೆಯ ಸ್ವಿಚ್ಚುಗಳ ಚಿಂತೆ.

ಯಾವುದನ್ನು ಎಷ್ಟು ಹೊತ್ತು ಹಾಕ್ತೀರಿ ಎಂದು ಕೇಳಿದರೆ ಜನ ಹಸಿ ಸುಳ್ಳು ಹೇಳುತ್ತಾರೆ. ಟೀವಿ ಬರೀ ವಾರ್ತೆಗೆ, ಏಸಿ ನೆಂಟರು ಬಂದಾಗ, ಗೀಸರು ಮಗುವಿಗೆ ಮಾತ್ರ. ಹೇಳಿದ್ದನ್ನೆಲ್ಲ ಕೂಡಿಸಿದರೆ ಬಿಲ್ಲಿನ ಕಾಲು ಭಾಗವೂ ಆಗದು, ಮಿಕ್ಕದ್ದನ್ನು ದೆವ್ವ ಉರಿಸಿತು ಅನ್ನಬೇಕು. ಹಾಗಾಗಿ ಅಂದಾಜಕ್ಕ ಆ ಪ್ರಶ್ನೆಯನ್ನೇ ಬಿಟ್ಟಿದ್ದರು. ಅವರು ಕೇಳುತ್ತಿದ್ದದ್ದು ಒಂದೇ.

“ನಿಮ್ಮನೇಲಿ ‘ಆರ್ಸು, ಆರ್ಸು’ ಅಂತ ಯಾರು ಯಾರಿಗೆ ಬೈತಾರೆ?”

ಇದಕ್ಕೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೆಂಟರು ಬಂದಾಗ ಮಾತ್ರ ಏಸಿ ಎಂದು ಆಣೆ ಹಾಕುತ್ತಿದ್ದ ಒಬ್ಬ ದೊಡ್ಡ ಮನುಷ್ಯರನ್ನು ಬದಿಗೆ ಸರಿಸಿ ಅವರ ಹೆಂಡತಿ ಮುಂದೆ ಬಂದರು. “ಇವರು ಮಲಗಿದ್ಮೇಲೆ ನಾನೆದ್ದು ಆರಿಸ್ತೀನಿ. ಸೆಖೆ ಆಗಿ ಇವರೆದ್ದು ನನಗೆ ಬೈತಾರೆ. ನೆಂಟರು ಅಂದ್ರೆ ಇವರೇ!” ಅಂದಾಜಕ್ಕ ನಗದೆ ಬರೆದುಕೊಂಡರು. ಆ ಮನೆಯ ಲೆಕ್ಕ ಮೀಟರಿಗೆ ಕೂದಲೆಳೆಯಷ್ಟು ಹತ್ತಿರ ಬಂತು.

“ಬೈಗುಳ ಎಲ್ಲಿ ಜಾಸ್ತಿಯೋ ಯೂನಿಟ್ಟೂ ಅಲ್ಲೇ ಜಾಸ್ತಿ ಕಣೆ,” ಎಂದು ನನಗೆ ಹೇಳಿಕೊಟ್ಟರು. ನಾನೂ ಹೌದಲ್ಲ ಎಂದು ತಲೆಯಾಡಿಸಿದೆ. ಗೋಣು ಆಡಿಸುವುದಕ್ಕೆ ಏನು ಖರ್ಚು?

ಹೀಗಿರುವಾಗ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸದ ಒಬ್ಬರು ಫೋನು ಮಾಡಿದರು. ಬಿಲ್ಲು ಇದ್ದಕ್ಕಿದ್ದಂತೆ ಏರಿಬಿಟ್ಟಿತ್ತು. ಹಾಳೆ ತುಂಬಲು ಎರಡೂ ಕೈ ಬೇಕೆಂದು ಅಂದಾಜಕ್ಕ ಫೋನನ್ನು ಯಾವಾಗಲೂ ಸ್ಪೀಕರಿನಲ್ಲೇ ಇಡುತ್ತಾರೆ, ಆದ್ದರಿಂದ ಎಲ್ಲವೂ ನನಗೆ ಕೇಳಿಸಿತು. ಮನೆಯಲ್ಲಿ ಅವರು, ಹೆಂಡತಿ, ಮತ್ತು ಅವರ ಅಕ್ಕ. ಅಕ್ಕ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಕೆಲಸದಿಂದ ನಿವೃತ್ತರಾಗಿ ತಮ್ಮನ ಮನೆಗೆ ಬಂದು ಸ್ವಲ್ಪ ಕಾಲವಾಗಿತ್ತು. ರಾತ್ರಿಪಾಳಿಯ ಅಭ್ಯಾಸ, ಪದೇ ಪದೇ ಟೀ ಬೇಕು. ಅದಕ್ಕೊಂದು ಕರೆಂಟ್ ಕೆಟಲ್ ಇಟ್ಟುಕೊಂಡಿದ್ದರು.

ಅಂದಾಜಕ್ಕ ತಮ್ಮ ಪ್ರಶ್ನೆ ಕೇಳಿದರು.

“ಇನ್ಯಾರಿಗೆ ಮೇಡಂ, ನಮ್ಮಕ್ಕಂಗೇ,” ಎಂದರು ತಮ್ಮ. “ನಾನೂ ಬೈತೀನಿ, ನಮ್ಮನೆಯವಳೂ ಬೈತಾಳೆ. ಆ ಕೆಟಲ್ ಇಳಿಸಿದ್ದೇ ನೋಡಿಲ್ಲ.”

ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. “ಒಂದೊಂದೇ ಲೋಟ ಕಾಯಿಸ್ಕೊಳ್ಳೋದು ಕಣೋ.”

ಬೈಸಿಕೊಳ್ಳುವವರು ಎಲ್ಲರೂ ಹೀಗೇ ಹೇಳುತ್ತಾರೆ. ಅಂದಾಜಕ್ಕ ಕೆಟಲ್ಲಿನ ಎದುರು ದೊಡ್ಡ ಸಂಖ್ಯೆ ಬರೆದರು, ಹೆಚ್ಚುಕಮ್ಮಿ ಬಿಲ್ಲಿನ ಅರ್ಧ. ಉಳಿದದ್ದೆಲ್ಲ ಅಚ್ಚುಕಟ್ಟಾಗಿ ಕೂಡಿಕೊಂಡಿತು. ಹಾಳೆ ಅಂಚೆಗೆ ಹೋಯಿತು, ನಾವು ಡಬ್ಬಿ ಬಿಚ್ಚಿ ಊಟ ಮಾಡಿದೆವು.

ಕೆಲವು ತಿಂಗಳ ಮೇಲೆ ಅದೇ ಮನೆಯಿಂದ ಮತ್ತೆ ಫೋನು. ಬಿಲ್ಲು ಇಳಿದಿಲ್ಲ. ಈ ಸಲ ಹೆಂಡತಿ ಮಾತಾಡುತ್ತಿದ್ದರು, ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚು ಇತ್ತು. “ನೀವು ಒಂದ್ಸಲ ಬಂದು ನೋಡ್ಲೇಬೇಕು,” ಎಂದು ಹಟ ಹಿಡಿದರು. ಮನೆಗೆ ಹೋಗುವುದಾದರೆ ಇಬ್ಬರು ಹೋಗಬೇಕೆಂಬುದು ಕಚೇರಿಯ ನಿಯಮ. ಆ ಬಿಸಿಲಿನಲ್ಲಿ ಗೊಣಗುತ್ತ ನಾನೂ ಹೊರಟೆ.

ಮೂರನೇ ಮಹಡಿ. ಲಿಫ್ಟಿಲ್ಲ. ಅಂದಾಜಕ್ಕ ಪ್ರತಿ ತಿರುವಿನಲ್ಲೂ ಮೆಟ್ಟಿಲ ಕಂಬಿ ಹಿಡಿದು ನಿಂತರು. ಅಡುಗೆಮನೆಗೆ ಕಾಲಿಟ್ಟವರೇ ಫ್ರಿಜ್ಜಿನ ಮುಂದೆ ನಿಂತುಬಿಟ್ಟರು. ಅದು ಗೊರಗುಟ್ಟುತ್ತಿತ್ತು. ನೀರು ಕುಡಿದೆವು, ಗೀಸರು ನೋಡಿ ಬಂದೆವು, ಫ್ಯಾನುಗಳನ್ನು ಬರೆದುಕೊಂಡೆವು, ಅದು ಗೊರಗುಟ್ಟುತ್ತಲೇ ಇತ್ತು. ಅಂದಾಜಕ್ಕ ಚೀಲದಿಂದ ಒಂದು ಹಾಳೆ ತೆಗೆದು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಮುಚ್ಚಿದರು. ಎಳೆದರು. ಹಾಳೆ ಸಲೀಸಾಗಿ ಕೈಗೆ ಬಂತು. ಬಾಗಿಲಿನ ರಬ್ಬರು ಸುತ್ತಲೂ ಬಿರಿದಿತ್ತು. ತಂಪೆಲ್ಲ ಹೊರಗೆ ಸೋರುತ್ತಿತ್ತು, ಯಂತ್ರ ಹಗಲೂ ರಾತ್ರಿ ನಿಲ್ಲದೆ ದುಡಿಯುತ್ತಿತ್ತು. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರು ಹಾಕಿ ನೋಡಿದ್ದಾಯಿತು. ಸಂಶಯಕ್ಕೆ ಏನೂ ಉಳಿಯಲಿಲ್ಲ.

“ಕೆಟಲ್ ಎಲ್ಲಿದೆ? ಅದನ್ನೂ ಒಂದ್ಸಲ ನೋಡ್ಬಿಡ್ತೀನಿ,” ಎಂದರು ಅಂದಾಜಕ್ಕ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಅತ್ತಿಗೆ ತಗೊಂಡು ಹೋದ್ರು,” ಎಂದರು ಹೆಂಡತಿ. “ನಿಮ್ಮ ಹಾಳೆ ಬಂತಲ್ಲ, ಅದಾದ್ಮೇಲೆ. ಬೇರೆ ರೂಮು ಮಾಡ್ಕೊಂಡಿದಾರೆ. ನಾವೇನೂ ಹೋಗಿ ಅನ್ನಲಿಲ್ಲ.” ನಾವು ನೀರು ಕುಡಿದ ಲೋಟಗಳನ್ನು ಎತ್ತಿಕೊಳ್ಳುತ್ತ, “ಇರಿ ಅಂತಾನೂ ಅನ್ನಲಿಲ್ಲ,” ಎಂದರು. ಅವರೂ ದಣಿದ ಹೆಂಗಸೇ. ಕಣ್ಣ ಕೆಳಗೆ ಕಪ್ಪಾಗಿತ್ತು, ಹೊಲಿಗೆ ಕಾರ್ಖಾನೆಯ ಕೆಲಸದಿಂದ ಆಗಷ್ಟೇ ಬಂದಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಪೂರ್ತಿಯಾಗಿ ಬರಲಿಲ್ಲ.

ಪೇಂಟ್ ಅಂಗಡಿಯವರು ಸ್ಟೂಲಿನ ಮೇಲೆ ಕುಳಿತು ಉಗುರಿನ ಸಂದಿಯ ಬಣ್ಣ ಕೆರೆಯುತ್ತಿದ್ದರು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವರನ್ನು ಸಾಕಿದ್ದು ಆ ಅಕ್ಕನೇ. ತಾವು ಮದುವೆಯಾಗದೆ, ರಾತ್ರಿಪಾಳಿ ಮಾಡಿ, ತಮ್ಮನ ಮದುವೆ ಮಾಡಿಸಿದ್ದರು. ಇದನ್ನು ಅವರೇ ಹೇಳಿದರು, ನಾವು ಕೇಳದೆಯೇ. ಹೇಳಿ, “ಫ್ರಿಜ್ಜಿಗೆ ಯಾರೂ ಬೈದಿರ್ಲಿಲ್ಲ ಮೇಡಂ,” ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಎಷ್ಟು ಸಲ ಆಡಿದ್ದೇನೋ. ಬರೆ ಎಳೆದ ಕೈಯ ಪಕ್ಕದಲ್ಲೇ ನಿಂತಿದ್ದು ಅದೇ ಮೊದಲು.

“ಅವತ್ತು ಅಂದಾಜು ಹಾಕಿದವಳು ನಾನೇ,” ಎಂದರು ಅಂದಾಜಕ್ಕ. “ತಪ್ಪು ಹಾಕಿದೀನಿ. ನಿಮ್ಮಕ್ಕನ ಕೆಟಲ್ಲು ಈ ಫ್ರಿಜ್ಜಿನ ಮುಂದೆ ಲೆಕ್ಕಕ್ಕೇ ಇಲ್ಲ. ಹೋಗಿ ಕರ್ಕೊಂಡು ಬನ್ನಿ.” ಪೇಂಟ್ ಅಂಗಡಿಯವರು ಆಯ್ತು ಎಂದು ತಲೆಯಾಡಿಸಿದರು. ಆಯಾ ಆಗಿದ್ದ ಆ ಅಕ್ಕ ಇರುವ ಬೀದಿ ಯಾವುದೆಂದು ಕೇಳಿಕೊಂಡು ನಾವು ಇಳಿದು ಬಂದೆವು.

ಆ ವಾರವೆಲ್ಲ ಅಂದಾಜಕ್ಕನ ಮುಖದಲ್ಲಿ ಕಳೆಯೇ ಇರಲಿಲ್ಲ. ಗ್ರಾಹಕರು ಬಂದರೆ ಏನು ಕೇಳಬೇಕೆಂದು ತೋಚದೆ ಪೆನ್ನಿನ ಮುಚ್ಚಳ ತೆಗೆದು ಹಾಕುವರು. ಕೊನೆಗೊಂದು ಮಧ್ಯಾಹ್ನ ಅರ್ಧ ದಿನದ ರಜೆ ಬರೆದುಕೊಟ್ಟು, “ಆ ಅಕ್ಕ ಮನೆಗೆ ಹೋದ್ರಾ ಇಲ್ವಾ ಅಂತ ನೋಡ್ಬೇಕು, ಬರ್ತೀಯೇನೆ?” ಎಂದರು. ಇದಕ್ಕೆ ನಿಯಮವೇನೂ ಇರಲಿಲ್ಲ. ಆದರೂ ಹೋದೆ.

ಬಸ್ ಡಿಪೋದ ಹಿಂದಿನ ಗಲ್ಲಿ. ಸೈಕಲ್ ರಿಪೇರಿ ಅಂಗಡಿಯ ಮೇಲೆ ತಗಡಿನ ಮಾಡಿನ ಒಂದು ಕೋಣೆ. ಆಯಾ ತಮ್ಮನ ಮನೆಗೆ ಹೋಗಿರಲಿಲ್ಲ. ಸಣ್ಣ ಮೈಯ ಹೆಂಗಸು, ಆಸ್ಪತ್ರೆಯ ಹಾಸಿಗೆಯಂತೆ ಬಿಗಿಯಾಗಿ ಹೊದಿಕೆ ಎಳೆದ ಮಂಚ, ಗೂಡಿನಲ್ಲಿ ಬೋರಲು ಹಾಕಿದ ಎರಡು ಲೋಟ. ಕೆಟಲ್ಲು ಕಾಣಲಿಲ್ಲ. ನಾವು ಯಾರೆಂದು ಹೇಳಿದ ಮೇಲೂ ನಮ್ಮನ್ನು ಮಂಚದ ಮೇಲೆ ಕೂರಿಸಿ ಅವರು ನೆಲದ ಮೇಲೆ ಕುಳಿತರು.

“ಟೀ ಕೊಡೋಣ ಅಂದ್ರೆ, ಇಲ್ಲಿ ಮನೆ ಓನರು ಲೈಟು, ಫ್ಯಾನು ಬಿಟ್ಟು ಇನ್ನೇನೂ ಹಾಕ್ಬಾರ್ದು ಅಂತ ಹೇಳಿದಾರೆ. ಕೆಟಲ್ಲು ಕೊಟ್ಬಿಟ್ಟೆ ಯಾರಿಗೋ,” ಎಂದರು.

“ನಿಮ್ಮ ತಮ್ಮ ಬರಲಿಲ್ವಾ?” ಎಂದು ಅಂದಾಜಕ್ಕ ಕೇಳಿದರು.

“ಬಂದಿದ್ನಲ್ಲ. ಪಾಪ, ಅತ್ತೂಬಿಟ್ಟ. ಬಾ ಅಕ್ಕ ಅಂದ, ಫ್ರಿಜ್ಜಿನ ರಬ್ಬರು ಹಾಳಾಗಿತ್ತಂತೆ ಅಂದ. ಬರ್ತೀನಿ ಕಣೋ, ಆದ್ರೆ ಮುಂದಿನ ಸಲ ಬಿಲ್ಲು ಜಾಸ್ತಿ ಬಂದಾಗ ಏನ್ಮಾಡ್ತೀಯ ಅಂತ ಕೇಳ್ದೆ.”

“ಏನಂದ್ರು?”

“ಸುಮ್ನೆ ನಿಂತಿದ್ದ. ಸುಳ್ಳು ಹೇಳೋಕೆ ಬರಲ್ಲ ಅವನಿಗೆ, ಚಿಕ್ಕೋನಿದ್ದಾಗಿಂದ್ಲೂ. ನಾನೇ ಹೊತ್ತಾಯ್ತು ಹೋಗಪ್ಪ ಅಂದೆ.” ಆಯಾ ಮಂಚದ ಅಂಚಿನ ಹೊದಿಕೆಯನ್ನು ಇನ್ನೊಮ್ಮೆ ಒಳಗೆ ತುರುಕಿದರು. “ನಾನು ಹೋಗಲ್ಲಮ್ಮ.”

ಅಂದಾಜಕ್ಕ ಮಂಚದಿಂದಿಳಿದು ಅವರ ಎದುರು ನೆಲಕ್ಕೆ ಕುಳಿತರು. ಊದಿದ ಕಾಲನ್ನು ಮಡಿಸಲಾಗದೆ ಒಂದು ಕಡೆ ಚಾಚಿದರು. “ಎಲ್ಲಾ ನನ್ನಿಂದ ಆಗಿದ್ದು. ನೀವು ಒಂದೇ ಲೋಟ ಅಂದಿದ್ದು ಫೋನಲ್ಲಿ ಕೇಳ್ಸಿತ್ತು ನನಗೆ. ಕೇಳ್ಸಿದ್ರೂ ಹಾಗೆ ಬರೆದೆ,” ಎಂದರು. ಅಷ್ಟು ವರ್ಷ ಪಕ್ಕದಲ್ಲಿ ಕುಳಿತವಳು, ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡಿದೆ.

ಆಯಾ ಅಂದಾಜಕ್ಕನ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಊದಿದ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. “ನೀರು ಸೇರ್ಕೊಂಡಿದೆ, ಡಾಕ್ಟ್ರಿಗೆ ತೋರ್ಸಿ,” ಎಂದು ಕಾಲು ನೀವುತ್ತ ಮಾತು ಮುಂದುವರಿಸಿದರು.

“ನಿಮ್ಮಿಂದ ಏನೂ ಆಗಿಲ್ಲಮ್ಮ. ಆ ಮನೇಲಿ ನಾನು ಜಾಸ್ತಿ ಆಗಿದ್ದೆ, ಅದು ನಂಗೂ ಗೊತ್ತಿತ್ತು, ಅವ್ರಿಗೂ ಗೊತ್ತಿತ್ತು. ಹೇಳೋಕೆ ಬಾಯಿ ಬರ್ತಿರ್ಲಿಲ್ಲ ಅಷ್ಟೆ. ನೀವು ಕೆಟಲ್ ಅಂತ ಬರ್ಕೊಟ್ರಿ, ದೊಡ್ಡ ಉಪಕಾರ ಆಯ್ತು. ಇಲ್ದಿದ್ರೆ ನಾನು ಎತ್ತಿ ಆಡ್ಸಿದ ಮಗು, ನನ್ನ ಮುಖ ನೋಡ್ಕೊಂಡು ‘ನೀನೇ ಜಾಸ್ತಿ’ ಅನ್ಬೇಕಾಗಿತ್ತು.”

ಕೆಳಗೆ ಅಂಗಡಿಯವನು ಚಕ್ರ ತಿರುಗಿಸುವ ಸದ್ದು ಬರುತ್ತಿತ್ತು. ಅಂದಾಜಕ್ಕ ತುಂಬ ಹೊತ್ತು ಏಳಲಿಲ್ಲ. ಹೊರಡುವಾಗ ಆಯಾ ಬಾಗಿಲವರೆಗೆ ಬಂದು ಮೆಟ್ಟಿಲು ಕಡಿದಾಗಿದೆ, ಜೋಪಾನ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ತಮ್ಮನ ಮೇಲೆ, ಅವನ ಹೆಂಡತಿಯ ಮೇಲೆ, ಅಷ್ಟೊಂದು ತಿಳಿದುಕೊಂಡು ಸುಮ್ಮನಿದ್ದ ಆ ಆಯಾಳ ಮೇಲೂ. ಅಂದಾಜಕ್ಕ ಕಿಟಕಿಗೆ ತಲೆ ಆನಿಸಿದ್ದರು. ನಿದ್ದೆ ಹೋದರೆಂದುಕೊಂಡೆ.

“ನಾಳೆಯಿಂದ ಆ ಪ್ರಶ್ನೆ ಕೇಳಲ್ಲ ಕಣೆ,” ಎಂದರು.

“ಮತ್ತೇನು ಕೇಳ್ತೀರಿ?”

“ಎಷ್ಟು ಹೊತ್ತು ಹಾಕ್ತೀರಿ ಅಂತ.”

“ಸುಳ್ಳು ಹೇಳ್ತಾರಲ್ಲ ಅಕ್ಕ.”

“ಹೇಳ್ಲಿ ಬಿಡು. ಆ ಸುಳ್ಳಿಗೆ ಯಾರೂ ಮನೆ ಬಿಟ್ಟು ಹೋಗಲ್ಲ.”