ಅಕ್ಕ ಮತ್ತು ರಂಜಾನಿನ ತೋಪು

ಕೊಲ್ಲಿ ದೇಶದ ಮಿರ್ದಿಫ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಉಡುಪಿಯ ಅಕ್ಕ, ನೈರೋಬಿಯ ಅಂಗಡಿಯೊಂದರಲ್ಲಿ ದರೋಡೆಕೋರರ ಗುಂಡೇಟು ತಿಂದು ಬದುಕಿ ಬಂದವರು. ಬಲಗೈ ಮೇಲೇಳುತ್ತಿರಲಿಲ್ಲ, ಚಾ ಸೋಸುವುದೂ ಎಡಗೈಯಲ್ಲೇ. ನೋಯುತ್ತದಾ ಎಂದು ಕೇಳಿದರೆ, "ಎಂಥದೂ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ರಂಜಾನಿನಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ತೋಪು ಹಾರಿಸುತ್ತಾರೆ. ಮೊದಲ ವರ್ಷ ಆ ಸದ್ದಿಗೆ ಅವರು ಮೇಜಿನಡಿ ನುಸುಳಿದ್ದನ್ನು ಕಂಡೆ. ಅಂದಿನಿಂದ ದಿನವೂ ಐದು ನಿಮಿಷ ಮೊದಲೇ ಬಾಗಿಲು ತಟ್ಟಿ, "ಅಕ್ಕಾ, ಈಗ ತೋಪು" ಎಂದು ಹೇಳಿ ಜೊತೆಗೆ ಕೂರುತ್ತಿದ್ದೆ.

ನಾಲ್ಕನೆಯ ರಂಜಾನಿನಲ್ಲಿ, ಬೇಗ ಬಿಟ್ಟ ಆಫೀಸಿನಿಂದ ಬಂದವಳು ಸೋಫಾದಲ್ಲೇ ನಿದ್ದೆಹೋದೆ. ತೋಪಿನ ಸದ್ದಿಗೇ ಎಚ್ಚರವಾಗಿ ಬರಿಗಾಲಲ್ಲಿ ಓಡಿದೆ.

ಅಕ್ಕ ಬಾಗಿಲು ತೆರೆದರು. ಎಡಗೈಯಲ್ಲಿ ತುಂಬಿದ ಚಾ ಲೋಟ. ಒಂದು ಹನಿಯೂ ಚೆಲ್ಲಿರಲಿಲ್ಲ. ನನ್ನ ಮುಖ ನೋಡಿ ನಕ್ಕರು.

"ಎಂಥದೂ ಇಲ್ಲ ಮಾರಾಯ್ತಿ, ತೋಪು. ಬಾ, ಕೂತ್ಕೊ."