ಕುಂಕುಮ ಹಚ್ಚಿದ ಕೀಲಿ

ಮೊನ್ನೆ ನನ್ನ ಫೋನು ಒಂದು ಪುರಾಣವನ್ನೇ ತೆರೆದು ಕೂತಿತು. ನಿಯಮಗಳು ಬದಲಾಗಿವೆ, ಓದಿ ಒಪ್ಪಿಗೆ ಕೊಡಿ, ಇಲ್ಲವಾದರೆ ನಿಮ್ಮ ಫೋಟೋಗಳು ನಿಮಗೆ ಕಾಣುವುದಿಲ್ಲ ಎಂದು ಮೇಲೆ ಬರೆದಿತ್ತು. ಅದರ ಕೆಳಗೆ ಮಾರುದ್ದ ಸಣ್ಣಕ್ಷರ. ಎಲ್ಲದರ ಕೆಳಗೆ ‘ಒಪ್ಪುತ್ತೇನೆ’ ಎಂಬ ನೀಲಿ ಗುಂಡಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನೂ ಅದನ್ನೇ ಮಾಡಿದೆ, ಕಣ್ಣುಮುಚ್ಚಿ ಒತ್ತಿದೆ. ಅದು ಅಷ್ಟಕ್ಕೆ ಬಿಡಲಿಲ್ಲ, ಮೊದಲು ಪಾಸ್‌ವರ್ಡ್ ಹಾಕು ಎಂದಿತು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟ ನೆನಪು. ಡಬ್ಬಿ ಇಳಿಸಿದೆ.

ಚೀಟಿ ಸಿಗಲಿಲ್ಲ. ಮುಚ್ಚಳ ತೆಗೆದೊಡನೆ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ವಾಸನೆ ಬಂತು. ತಳದಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾದ ಬೂದು ಬಣ್ಣದ ಒಂದು ಪ್ಲಾಸ್ಟಿಕ್ ತುಂಡು, ಅದರ ಎರಡು ಸ್ಕ್ರೂಗಳ ಸಂದಿಯಲ್ಲಿ ಒಣಗಿ ಕಪ್ಪಾದ ಕುಂಕುಮ. ಅದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಆ ಹಾಳೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಬಳಿ ಇತ್ತು, ಒಮ್ಮೆಯೂ ಬಿಚ್ಚಿ ಓದಿರಲಿಲ್ಲ. ಅದನ್ನು ಕಂಡು ಹಳೆಯ ಅಂಜಿಕೆ ಎದೆಗೆ ಬಂದು ಕೂತಿತು. ಏಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತು ಹಾಕಿಯೇ ಹೇಳಬೇಕಾಗುತ್ತದೆ.

ಗೋಕಾಕದಲ್ಲಿ ನಮ್ಮದೊಂದು ಛಾಪಖಾನೆ ಇತ್ತು. ನಮ್ಮದೆಂದರೆ ಅಣ್ಣಾ ಅವರದು. ಅಲ್ಲಿ ದುಡಿದವರೆಲ್ಲ ನಮ್ಮದು ಎಂದೇ ಹೇಳುತ್ತಿದ್ದೆವು. ಅಣ್ಣಾ ಜೈನರು, ಮನೆಯಲ್ಲಿ ಮರಾಠಿ, ಛಾಪಖಾನೆಯಲ್ಲಿ ಕನ್ನಡ. ಹೊತ್ತು ಮುಳುಗುವ ಮುಂಚೆ ಊಟ ಮಾಡುವವರಾದ್ದರಿಂದ ಸಂಜೆ ಬಿಸಿಲು ಗೋಡೆ ಏರಿತೆಂದರೆ ನಮಗೂ ಬಿಡುಗಡೆ. ನಾನು ಅಲ್ಲಿ ಮೊಳೆ ಜೋಡಿಸುವವನಾಗಿ ಸೇರಿದೆ. ಸೀಸದ ಅಕ್ಷರಗಳನ್ನು ತಿರುವುಮುರುವಾಗಿ ಓದುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆದರೆ ಒಂದು ದೋಷವಿತ್ತು. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ವರನ ಜಾಗದಲ್ಲಿ ವಧುವಿನ ಹೆಸರು, ವಧುವಿನ ಜಾಗದಲ್ಲಿ ವರನ ಹೆಸರು ಬಂದು ಹಾಗೆಯೇ ಅಚ್ಚಾಯಿತು. ಬರೆದುಕೊಟ್ಟವರದೇ ತಪ್ಪು, ನಾನು ಒಂದು ಒತ್ತಕ್ಷರವನ್ನೂ ಬಿಡದೆ ಜೋಡಿಸಿದ್ದೆ. ಅಣ್ಣಾ ಹಣೆ ಹಣೆ ಬಡಿದುಕೊಂಡು ನಕ್ಕರು. “ಇವಗ ಅಕ್ಷರ ಓದಾಕ ಬರ್ತಾವು. ಮಾತು ಓದಾಕ ಬರೂದಿಲ್ಲ ನೋಡ್ರಿ.”

ಈ ಮಾತನ್ನು ನೆನಪಿನಲ್ಲಿಡಿ. ನಾನು ಇಡಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಛಾಪಖಾನೆಗೆ ಕಂಪ್ಯೂಟರ್ ಬಂತು. ಅದರಲ್ಲಿ ಕನ್ನಡ ಬರೆಯಲು ಒಂದು ಕಂಪನಿಯ ಸಾಫ್ಟ್‌ವೇರ್. ಅದರ ಜೊತೆಗೇ ಈ ಬೂದು ತುಂಡು ಬಂತು, ಇದಕ್ಕೆ ಕಂಪನಿಯವರು ‘ಲಾಕ್’ ಎನ್ನುತ್ತಿದ್ದರು, ನಾವು ‘ಕೀಲಿ’ ಎಂದೆವು. ಕಂಪ್ಯೂಟರಿನ ಬೆನ್ನಿಗೆ ಇದನ್ನು ಚುಚ್ಚಿದ್ದರೆ ಕನ್ನಡ, ತೆಗೆದರೆ ನಾವೇ ಬರೆದದ್ದೂ ನಮಗೆ ಕಾಣದು. ಬೇರೆ ಯಾವುದರಲ್ಲಾದರೂ ತೆರೆದು ನೋಡಿದರೆ ಬರೀ ಚಿಹ್ನೆಗಳು, ಇರುವೆ ಸಾಲು ಹರಿದಂತೆ. ಸಾಫ್ಟ್‌ವೇರಿನ ಫ್ಲಾಪಿಗಳು ಒಂದು ಲಕೋಟೆಯಲ್ಲಿದ್ದವು. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಸಾಸಿವೆಯಂಥ ಅಕ್ಷರಗಳು. ನಾನು ಅದನ್ನು ಹಲ್ಲಿನಿಂದ ಹರಿದೆ.

ಕಂಪ್ಯೂಟರಿಗೆ ಬಂದ ಮೊದಲ ದೊಡ್ಡ ಕೆಲಸ ಕಂಪೌಂಡರ್ ಕಾಕಾನ ಪುಸ್ತಕ. ಕುಲಗೋಡದ ದನದ ದವಾಖಾನೆಯಲ್ಲಿ ಆತ ಕಂಪೌಂಡರ್. ಮೂವತ್ತು ವರ್ಷ ಸೈಕಲ್ ತುಳಿದು ಊರೂರು ಅಲೆದು, ದನಗಳ ಬೇನೆಗಳನ್ನು, ಅವುಗಳಿಗೆ ಒಂದೊಂದು ಊರಲ್ಲಿ ಇರುವ ಹೆಸರುಗಳನ್ನು, ಹಳೆಯ ದನಗಾಹಿಗಳು ಮಾಡುತ್ತಿದ್ದ ಮದ್ದುಗಳನ್ನು, ಅವುಗಳಲ್ಲಿ ಯಾವುದು ನಾಟಿತು ಯಾವುದು ನಾಟಲಿಲ್ಲ ಎಂಬುದನ್ನು ನೋಟುಬುಕ್ಕುಗಳಲ್ಲಿ ಬರೆದಿದ್ದ. ನಿವೃತ್ತಿಯಾಗುವ ದಿನ, ತಾನು ತಿರುಗಿದ ಪ್ರತಿ ಊರಿಗೂ ಒಂದೊಂದು ಪ್ರತಿ ಕೊಟ್ಟು ಕೈಮುಗಿಯಬೇಕು ಎಂಬುದು ಆತನ ಆಸೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ನೋಟುಬುಕ್ಕಿನಿಂದ ಹತ್ತು ಹಾಳೆ ಹರಿದು ಕೊಡುವುದು, ಹಿಂದಿನ ವಾರದ ಪ್ರೂಫ್ ತಿದ್ದುವುದು.

ಪ್ರೂಫ್ ತಿದ್ದಿದ ಮೇಲೆ ಆ ಹಾಳೆಗಳಿಗೆ ಏನಾಗುತ್ತಿತ್ತು ಎಂದು ಕೇಳುತ್ತೀರೇ? ಮಷಿನ್ನಿನ ಮಸಿ ಒರೆಸುವುದಕ್ಕೆ ಹೋಗುತ್ತಿದ್ದವು. ಎಲ್ಲ ಛಾಪಖಾನೆಗಳ ಪದ್ಧತಿ ಅದು, ಒಮ್ಮೆ ಜೋಡಿಸಿ ಆಯಿತೆಂದರೆ ಕೈಬರಹವೂ ಪ್ರೂಫೂ ಬರೀ ಚಿಂದಿ. ಕಾಕಾನ ಮೂವತ್ತು ವರ್ಷವನ್ನು ಹಾಗೆ ನಾನೇ ಚಿಮಣಿ ಎಣ್ಣೆಯಲ್ಲಿ ಅದ್ದಿ ಮಸಿ ಒರೆಸಿದೆ. ಎಲ್ಲವೂ ಕಂಪ್ಯೂಟರಿನಲ್ಲಿ ಭದ್ರವಾಗಿತ್ತಲ್ಲ!

ಆಗ ದಸರೆ ಬಂತು. ಖಂಡೇ ಪೂಜೆಯ ದಿನ ಛಾಪಖಾನೆಯ ಪ್ರತಿಯೊಂದು ಸಾಮಾನನ್ನೂ ತೊಳೆದು ಕಂಬಳಿಯ ಮೇಲೆ ಇಡುವುದು ನಮ್ಮ ವಾಡಿಕೆ. ಅಣ್ಣಾ ಜೈನರಾದರೂ “ಹತಾರಕ್ಕ ಜಾತಿ ಎಲ್ಲೈತಿ?” ಎಂದು ತಾವೇ ಕುಂಕುಮ ಹಚ್ಚುತ್ತಿದ್ದರು. ಕತ್ತರಿ, ಅಳತೆಪಟ್ಟಿ, ಮೊಳೆ ಜೋಡಿಸುವ ಪಟ್ಟಿ ಎಲ್ಲ ತೊಳೆದೆ. ಕಂಪ್ಯೂಟರನ್ನು ತೊಳೆಯಬಾರದು ಎಂಬಷ್ಟು ಬುದ್ಧಿ ನನಗಿತ್ತು. ಆದರೆ ಅದರ ನಿಜವಾದ ಹತಾರ ಕೀಲಿಯಲ್ಲವೇ ಎನ್ನಿಸಿತು. ಬಿಚ್ಚಿ ನೋಡಿದರೆ ಸೂಜಿಗಳು ಮಾಸಿದ್ದವು. ಹಿತ್ತಾಳೆ ಸಾಮಾನು ಮಾಸಿದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದೆ. ಬಂಗಾರದಂತೆ ಹೊಳೆಯಿತು. ಅಣ್ಣಾ ನೀರಿನಲ್ಲಿ ಕಲಸಿದ ಕುಂಕುಮವನ್ನು ಅದಕ್ಕೂ ಹಚ್ಚಿದರು.

ಬನ್ನಿ ಹಂಚಿ ಮರುದಿನ ಬಂದು ಕಂಪ್ಯೂಟರ್ ಚಾಲೂ ಮಾಡಿದರೆ, ಕೀಲಿ ಕಾಣುತ್ತಿಲ್ಲ ಎಂದಿತು. ಒರೆಸಿದೆ, ಬಿಸಿಲಿಗೆ ಇಟ್ಟೆ, ಊದಿದೆ, ದೇವರಿಗೆ ಹರಕೆ ಹೊತ್ತೆ. ಕೀಲಿ ಸತ್ತಿತ್ತು.

ಅಣ್ಣಾ ಕಂಪನಿಗೆ ಪತ್ರ ಬರೆದರು. ಉತ್ತರ ಬರುವವರೆಗಿನ ವಾರಗಳನ್ನು ನಾನು ಹೇಗೆ ಕಳೆದೆ ಎಂಬುದು ನನಗೇ ಗೊತ್ತು. ಕಾಕಾ ಬಂದಾಗಲೆಲ್ಲ ಒಂದು ಸುಳ್ಳು. ಕರೆಂಟ್ ಇಲ್ಲ ಕಾಕಾ, ಪ್ರಿಂಟರಿನ ರಿಬ್ಬನ್ ಮುಗಿದೈತಿ ಕಾಕಾ. ಬಸ್ಸಿನ ಹಾರ್ನ್ ಕೇಳಿದರೆ ಸುಮ್ಮನೆ ಮೊಳೆ ಖಾನೆಗಳನ್ನು ಒರೆಸತೊಡಗುತ್ತಿದ್ದೆ. ಮೂರನೆಯ ವಾರ ಆತ ಹೊಸ ಹಾಳೆಗಳನ್ನು ಕೊಡಲಿಲ್ಲ. ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡಿದ.

“ಏನ್ ಕೆಟ್ಟೈತೋ ತಮ್ಮಾ?”

“ಏನಿಲ್ಲ ಕಾಕಾ.”

“ದನ ಬಾಯಿ ಬಿಟ್ಟು ಹೇಳೂದಿಲ್ಲ. ಕಣ್ಣ ನೋಡಿ ತಿಳ್ಕೊಂಡು ಪಗಾರ ತಗೊಂಡಾಂವ ನಾ. ಹೇಳ.”

ಹೇಳಿದೆ. ಹುಣಸೆಹಣ್ಣಿನ ಸಂಗತಿಯನ್ನೂ, ಚಿಂದಿಯಾದ ಹಾಳೆಗಳ ಸಂಗತಿಯನ್ನೂ ಹೇಳಿದೆ. ಆತ ಬೈಯಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿಯ ಉತ್ತರವೂ ಅದೇ ವಾರ ಬಂತು. ಕೀಲಿ ಹಾಳಾದರೆ ಬಳಸುವ ಪರವಾನಗಿಯೂ ಮುಗಿದಂತೆ, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು, ಲಕೋಟೆ ಹರಿದಾಗಲೇ ಈ ಷರತ್ತಿಗೆ ನೀವು ಒಪ್ಪಿದ್ದೀರಿ. ಅಣ್ಣಾ ಅದನ್ನು ಎರಡು ಸಲ ಓದಿ ನನ್ನತ್ತ ನೋಡಿದರು. ಹಲ್ಲಿನಿಂದ ಹರಿದವನು ನಾನು. ಹೊಸದರ ಬೆಲೆಗೆ ಆಗ ಇನ್ನೊಂದು ಮಷಿನ್ ಬರುತ್ತಿತ್ತು, ಸದ್ಯಕ್ಕಂತೂ ಆಗದ ಮಾತು. ಕಾಕಾನ ನಿವೃತ್ತಿಗೆ ಉಳಿದದ್ದು ಮೂರು ತಿಂಗಳು.

ಹುಕ್ಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬನ ಹತ್ತಿರ, ಕೀಲಿಯೇ ಬೇಡವೆನ್ನುವಂತೆ ಸಾಫ್ಟ್‌ವೇರನ್ನು ಒಡೆದು ಕೊಡುವ ಫ್ಲಾಪಿ ಇದೆ ಎಂದು ನಾನು ಕೇಳಿದ್ದೆ. ಕಾಕಾ ಬಂದಿದ್ದ ದಿನ ಇಬ್ಬರ ಮುಂದೆಯೂ ಮೆಲ್ಲಗೆ ಬಾಯಿಬಿಟ್ಟೆ.

ಅಣ್ಣಾ ಕೈ ಅಡ್ಡ ಹಿಡಿದರು. “ಅದು ಕಳವಿನ ಮಾಲು. ಕದ್ದಾಂವ ಒಬ್ಬನ ಕಳ್ಳ ಅಲ್ಲ, ತಗೊಂಡಾಂವನೂ ಕಳ್ಳನ. ನಾ ವ್ರತಾ ತಗೊಂಡೇನಿ.”

“ಅಣ್ಣಾರ, ನನ್ನ ಎತ್ತು ಕೊಂಡವಾಡದಾಗ ಐತಿ ಅಂತ ತಿಳ್ಕೋರಿ,” ಎಂದ ಕಾಕಾ. ದಾರಿ ತಪ್ಪಿದ ದನಗಳನ್ನು ಕೂಡಿಹಾಕುತ್ತಾರಲ್ಲ, ಆ ಕೊಂಡವಾಡ. “ಕೀಲಿ ಅವರದು, ಖರೆ. ಕೀಲಿ ಕೆಟ್ರ ಎತ್ತು ಅವರದಾಕ್ಕೇತೇನ್ರಿ?”

“ಎತ್ತು ನಿಮ್ದ ಕಾಕಾ. ಹಂಗಂತ ಮಂದಿ ಗ್ವಾಡಿ ಒಡ್ಯಾಕ ಬರೂದಿಲ್ಲ.”

“ಒಳಗ ಎತ್ತು ಸತ್ತರ?”

ನಾನು ಈ ಜಗಳವನ್ನು ಅಂದಿನಿಂದ ಇಂದಿನವರೆಗೆ ಮನಸ್ಸಿನಲ್ಲಿ ಆಡುತ್ತಲೇ ಬಂದಿದ್ದೇನೆ. ಒಮ್ಮೆ ಇವರು ಗೆಲ್ಲುತ್ತಾರೆ, ಒಮ್ಮೆ ಅವರು. ಸಾಫ್ಟ್‌ವೇರ್ ಮಾಡಿದವರೂ ಹೊಟ್ಟೆಗೆ ಅನ್ನ ತಿನ್ನುವವರೇ, ಅವರ ಗೋಡೆ ಅವರಿಗೆ ಬೇಕು. ಆದರೆ ನನ್ನ ಮಾತನ್ನು ನನಗೇ ತೋರಿಸಲು ಇನ್ನೊಬ್ಬರ ಅಪ್ಪಣೆ ಬೇಕು ಎನ್ನುವುದು ಯಾವ ಊರಿನ ನ್ಯಾಯ? ಆಗ ಒಂದು ಛಾಪಖಾನೆಯ ಒಂದು ಪುಸ್ತಕ ಒಳಗೆ ಸಿಕ್ಕಿತ್ತು. ಈಗ ನನ್ನ ಮಗಳ ಲಗ್ನದ ಫೋಟೋ, ತೀರಿಹೋದ ಅವ್ವನ ದನಿ, ಎಲ್ಲ ಯಾರದೋ ಕೊಂಡವಾಡದಲ್ಲಿವೆ. ಬಾಗಿಲು ಸದ್ಯಕ್ಕೆ ತೆರೆದಿದೆ, ಅಷ್ಟೇ.

ಮರುವಾರ ನಾನು ಯಾರಿಗೂ ಹೇಳದೆ ಹುಕ್ಕೇರಿಗೆ ಹೋದೆ. ಫ್ಲಾಪಿ ತಂದೆ, ಹಾಕಿದೆ, ಪರದೆಯ ಮೇಲೆ ‘ಎಮ್ಮೆಗೆ ಹೊಟ್ಟೆ ಉಬ್ಬಿದರೆ’ ಎಂಬ ಸಾಲು ಕನ್ನಡದಲ್ಲಿ ಮೂಡಿದಾಗ ಅತ್ತುಬಿಟ್ಟೆ. ಆಮೇಲೆ ಸತ್ತ ಕೀಲಿಯನ್ನು ಮೊದಲಿನಂತೆ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿ, ಅಣ್ಣಾ ಬಂದಾಗ ಹೇಳಿದೆ, “ಕಂಪನಿಯವ್ರು ಹೊಸಾ ಕೀಲಿ ಕಳಿಸ್ಯಾರ್ರಿ.”

ಅಣ್ಣಾ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಎದ್ದು, “ಹೌದೇನ? ಛಲೋ ಆತು” ಎಂದರು. ಸಂಜೆ ಮನೆಗೆ ಹೋಗುವ ಮುನ್ನ ಛಾಪಖಾನೆಯ ಹಾಳೆಯ ಮೇಲೆ ಏನೋ ಬರೆದು, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. “ಕಂಪನಿಗೆ ಬರದೇನಿ. ಪಾಕೀಟಕ್ಕ ಹಾಕಿ, ಇಂಗ್ಲಿಷ್‌ನ್ಯಾಗ ಪತ್ತೆ ಬರದು ಹಾಕಿಬಿಡು.”

ನನ್ನ ಜೀವ ಹಾರಿಹೋಯಿತು. ಕೀಲಿ ಕಳಿಸಿದ್ದಕ್ಕೆ ಕಂಪನಿಗೆ ಉಪಕಾರ ಹೇಳಿ ಬರೆದಿದ್ದಾರೆ! ಇದು ಹೋಗಿ ತಲುಪಿದರೆ ಅವರು ಯಾವ ಕೀಲಿ ಎಂದು ಕೇಳದೆ ಇರುತ್ತಾರೆಯೇ? ಪತ್ರ ಹಾಕಲಿಲ್ಲ. ಹರಿಯಲೂ ಧೈರ್ಯ ಬರಲಿಲ್ಲ, ಬಿಚ್ಚಿ ಓದಲೂ ಬರಲಿಲ್ಲ.

ಪುಸ್ತಕ ಅಚ್ಚಾಯಿತು. ಕಾಕಾ ಕುಲಗೋಡದಿಂದ ನಾಗನೂರಿನವರೆಗೆ ಊರೂರು ತಿರುಗಿ ಹಂಚಿ, ನಿವೃತ್ತನಾಗಿ, ಕೆಲವು ವರ್ಷ ನೆಮ್ಮದಿಯಿಂದಿದ್ದು ತೀರಿಕೊಂಡ. ಅಚ್ಚಾದ ಮರುದಿನವೇ ಅಣ್ಣಾ ಆ ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ಅಳಿಸಿಹಾಕು ಎಂದಾಗ ನನಗೆ ಸೋಜಿಗವಾಯಿತು. ಹಳೆಯ ಮೊಳೆಗಳಿಗೇ ಮರಳಿದೆವು. ಏಕೆಂದು ನಾನು ಕೇಳಲಿಲ್ಲ. ಆದರೆ ಅಂಚೆಯವನು ಬಂದಾಗಲೆಲ್ಲ ಅಣ್ಣಾ ತಲೆ ಎತ್ತಿ ಕೇಳುವರು, “ಕಂಪನಿದ್ದು ಏನರ ಬಂತೇನ?” ಭಾದ್ರಪದದಲ್ಲಿ ಜೈನರ ಪರ್ವ ಮುಗಿದು ಕ್ಷಮೆ ಕೇಳುವ ದಿನ ಬರುತ್ತಿತ್ತು. ಅಣ್ಣಾ ನಮ್ಮೆಲ್ಲರ ಮುಂದೆ ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಿದ್ದರು. ಪ್ರತಿ ವರ್ಷ, ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳದೆಯೇ ನಾನೂ ಕೈಮುಗಿದು ಬರುತ್ತಿದ್ದೆ.

ಅಣ್ಣಾ ಈಗಲೂ ಇದ್ದಾರೆ, ತೊಂಬತ್ತರ ಹತ್ತಿರ. ಛಾಪಖಾನೆ ಮುಚ್ಚಿದೆ. ನಾನು ಹೋದರೆ ಈಗಲೂ ಅದೇ ಪ್ರಶ್ನೆ, “ಕಂಪನಿದ್ದು ಏನರ ಬಂತೇನ?” ಮನೆಯವರು, ವಯಸ್ಸಾಯಿತು, ಏನೇನೋ ಬಡಬಡಿಸುತ್ತಾರೆ ಎನ್ನುತ್ತಾರೆ. ನಾನೂ ಹೂಂಗುಟ್ಟಿ ಬರುತ್ತಿದ್ದೆ.

ಮೊನ್ನೆ ಡಬ್ಬಿಯ ಮುಂದೆ ಕೂತು ಹಾಳೆ ಬಿಚ್ಚಿದೆ.

‘ಮಹಾಶಯರೇ, ನಿಮ್ಮ ಕೀಲಿಯನ್ನು ತೊಳೆದು ಕೆಡಿಸಿದವರು ನಾವೇ. ನೀವು ಹೊಸದು ಕಳಿಸಿದ್ದೀರಿ ಎಂದು ನಮ್ಮವನು ಹೇಳುತ್ತಾನೆ. ಅದರ ಮೇಲೆ ನಾನೇ ಹಚ್ಚಿದ ಕುಂಕುಮ ಹಾಗೇ ಇದೆ. ಹಾಗಾದರೆ ನಿಮ್ಮ ಮಾಲನ್ನು ನಿಮ್ಮ ಒಪ್ಪಿಗೆ ಇಲ್ಲದೆ ಬಳಸುತ್ತಿದ್ದೇವೆ. ಒಬ್ಬ ಬಡವನ ಪುಸ್ತಕ ಅದರೊಳಗೆ ಸಿಕ್ಕಿದೆ, ಅದಕ್ಕಾಗಿ ಗೊತ್ತಿದ್ದೂ ಸುಮ್ಮನಿದ್ದೇನೆ. ಪುಸ್ತಕ ಮುಗಿದೊಡನೆ ಅಳಿಸುತ್ತೇವೆ. ತಪ್ಪು ನನ್ನದು, ಅವನದಲ್ಲ. ಕ್ಷಮಿಸಿದ್ದೇವೆ ಎಂದು ಎರಡು ಸಾಲು ಬರೆದರೆ ಉಪಕಾರವಾದೀತು.’

ಎರಡು ಸಾಲಿಗಾಗಿ ಅವರು ಇಷ್ಟು ವರ್ಷ ಕಾದಿದ್ದರು. ನಾನು ಆ ಕಾಗದವನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ.

ನಿನ್ನೆ ಹೋದೆ. ಕಿಟಕಿಯ ಬಳಿ ಖುರ್ಚಿಯಲ್ಲಿ ಕೂತಿದ್ದರು. ಅವರು ಕೇಳುವ ಮುಂಚೆಯೇ ಹಾಳೆಯನ್ನು ಅವರ ತೊಡೆಯ ಮೇಲಿಟ್ಟೆ. “ಅಣ್ಣಾರ, ನಾ ಹಾಕಿಲ್ರಿ. ಅಂಜಿಕಿ ಬಂದು ನನ್ನ ಹಂತ್ಯಾಕನ ಇಟ್ಕೊಂಡಿದ್ನಿ. ಓದಿದ್ದೂ ಮೊನ್ನೆನ.”

ಅವರು ಹಾಳೆಯ ಮಡಿಕೆಗಳನ್ನು ಬೆರಳಿನಿಂದ ಸವರಿದರು.

“ಹಂಗಾರ ಅವ್ರಿಗೆ ಮುಟ್ಟೇ ಇಲ್ಲ.”

“ಇಲ್ರಿ.”

“ಇಷ್ಟ ವರ್ಷ ಅವ್ರ ಮ್ಯಾಲ ಸಿಟ್ಟ ಇಟ್ಕೊಂಡಿದ್ನೆಲ್ಲೋ. ಕ್ಷಮಾ ಕೇಳಿದ್ರೂ ಎರಡ ಸಾಲು ಬರೀಲಿಲ್ಲ, ಎಂಥಾ ಮಂದಿ ಅಂತ.” ಕಣ್ಣು ಮುಚ್ಚಿಕೊಂಡರು. “ಈಗ ಅದಕ್ಕೂ ಕ್ಷಮಾ ಕೇಳಬೇಕಾತು. ಒಂದ ಹಾಳಿ ತಗೋ.”

“ಕಂಪನಿ ಮುಚ್ಚೈತಂತ್ರಿ, ಅಣ್ಣಾರ.”

“ಕಂಪನಿ ಮುಚ್ಚಿದ್ರ ಅದರಾಗಿನ ಮಂದಿ ಸತ್ತಾರೇನ? ಬರಿ. ಬರದು, ನನಗ ಓದಿ ತೋರ್ಸು. ಅಕ್ಷರ ಅಲ್ಲ, ಮಾತು.”

ಬರೆದೆ. ಓದಿ ತೋರಿಸಿದೆ. ಕೆಳಗೆ ಅವರ ಸಹಿಯ ಪಕ್ಕದಲ್ಲಿ ನನ್ನದನ್ನೂ ಹಾಕಿದೆ. ಅದೀಗ ನನ್ನ ಅಂಗಿಯ ಕಿಸೆಯಲ್ಲಿದೆ. ಯಾರ ವಿಳಾಸಕ್ಕೆ ಹಾಕಬೇಕೋ ಇನ್ನೂ ತಿಳಿದಿಲ್ಲ, ಹುಡುಕುತ್ತಿದ್ದೇನೆ.

ಪಾಸ್‌ವರ್ಡ್ ಸಿಗದೆ ಮೊನ್ನೆ ಒತ್ತಿದ್ದು ಲೆಕ್ಕಕ್ಕೆ ಬಂದಿಲ್ಲ, ಫೋನು ಇನ್ನೂ ಆ ನೀಲಿ ಗುಂಡಿಯನ್ನು ಹಿಡಿದುಕೊಂಡೇ ಕಾದಿದೆ. ಇವತ್ತು ಮುಂಜಾನೆಯಿಂದ ಚಷ್ಮಾ ಹಾಕಿಕೊಂಡು ಮೊದಲ ಸಾಲಿನಿಂದ ಓದಲು ಕೂತಿದ್ದೇನೆ. ಮನೆಯವಳು ಎರಡು ಸಲ ಊಟಕ್ಕೆ ಕರೆದಳು. ಇನ್ನೂ ಬಹಳ ಉಳಿದಿದೆ, ಅರ್ಧಕ್ಕರ್ಧ ತಿಳಿಯುತ್ತಲೂ ಇಲ್ಲ. ಓದಿ ಮುಗಿಯುವ ತನಕ ಒತ್ತುವುದಿಲ್ಲ.